ಅತ್ತಾಗ ಓಗೊಡುವವರು: ಶಿಶುಬಾಂಧವ್ಯದ ಅಧ್ಯಯನ ನಡೆದುಬಂದ ದಾರಿ

1949ರಲ್ಲಿ ಲಂಡನ್ನಿನ ದೊಡ್ಡ ಆಸ್ಪತ್ರೆಗಳಿಗೆ ಮಗುವನ್ನು ಸೇರಿಸಿದ ತಂದೆತಾಯಿಗೆ, ಅದನ್ನು ನೋಡಲು ಬರುವ ಹೊತ್ತನ್ನು ಗೊತ್ತುಮಾಡಿರುತ್ತಿದ್ದರು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಎರಡರಿಂದ ನಾಲ್ಕು ಗಂಟೆ. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ, ಸಂಜೆ ಏಳರ ಮೇಲೆ ಮಗು ನಿದ್ದೆಹೋಗಿರುವಾಗ ಬಂದು ನೋಡಿಕೊಂಡು ಹೋಗಬಹುದು. ಮತ್ತೊಂದು ಆಸ್ಪತ್ರೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ಅಡ್ಡತೆರೆಯ ಈಚೆಯಿಂದಷ್ಟೇ ನೋಡಬೇಕು. ಈ ನಿಯಮ ಮಾಡಿದವರು ಕೇಡಿಗರಲ್ಲ. ಸೋಂಕಿನ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಬಂದುಹೋದ ದಿನ ವಾರ್ಡಿನ ತುಂಬ ಅಳು, ಬಾರದಿದ್ದರೆ ಕೆಲವೇ ದಿನಗಳಲ್ಲಿ ಮಗು ಸುಮ್ಮನಾಗುತ್ತದೆ ಎಂಬುದನ್ನು ದಾದಿಯರು ಕಣ್ಣಾರೆ ಕಂಡಿದ್ದರು. ಸುಮ್ಮನಾದ ಮಗು ಹೊಂದಿಕೊಂಡ ಮಗು ಎಂದು ಎಲ್ಲರೂ ನಂಬಿದ್ದರು. ಹಾಗೆ ಸುಮ್ಮನಾಗುವುದರ ಅರ್ಥವೇನು ಎಂದು ಕೇಳಿದ ಕೆಲವರಿಂದ ಒಂದು ಜ್ಞಾನಶಾಖೆಯೇ ಬೆಳೆಯಿತು.

ಆ ನಂಬಿಕೆಯ ಹಿಂದೆ ವಿದ್ವಾಂಸರ ಬೆಂಬಲವೂ ಇತ್ತು. ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರಲ್ಲಿ ಬರೆದ ಶಿಶುಪಾಲನೆಯ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ತಾಯಂದಿರಿಗೆ ಬುದ್ಧಿ ಹೇಳಿದ್ದರು. ನ್ಯೂಜಿಲೆಂಡಿನ ವೈದ್ಯ ಟ್ರೂಬಿ ಕಿಂಗ್ ಅವರ ಪದ್ಧತಿಯಂತೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಹಾಲೂಡುವುದು ಬ್ರಿಟನ್ನಿನಲ್ಲಿ ಶಿಸ್ತಿನ ಲಕ್ಷಣವಾಗಿತ್ತು. ಮನೋವಿಶ್ಲೇಷಣೆಯವರಿಗೂ ವರ್ತನಾವಾದಿಗಳಿಗೂ ಬೇರೆಲ್ಲದರಲ್ಲಿ ಜಗಳವಿದ್ದರೂ ಒಂದು ವಿಷಯದಲ್ಲಿ ಒಮ್ಮತವಿತ್ತು: ಮಗುವಿಗೆ ಬೇಕಾದದ್ದು ಹಾಲು, ಹಾಲು ಕೊಡುವವಳು ತಾಯಿ, ಆದ್ದರಿಂದ ತಾಯಿಯ ಮೇಲೆ ಪ್ರೀತಿ. ಹಸಿವು ಮೊದಲು, ನಂಟು ಅದರ ಬಾಲ. ಮುಂದಿನ ಐವತ್ತು ವರ್ಷಗಳ ಸಂಶೋಧನೆ ಒಡೆದು ಹಾಕಿದ್ದು ಮುಖ್ಯವಾಗಿ ಈ ಒಂದು ನಂಬಿಕೆಯನ್ನು.

ಮೊದಲ ಪೆಟ್ಟು ಬಿದ್ದದ್ದು ಸಾವಿನ ಲೆಕ್ಕದಿಂದ. ವಿಯೆನ್ನಾ ಮೂಲದ ವೈದ್ಯ ರೆನೆ ಸ್ಪಿಟ್ಜ್ 1945ರಲ್ಲಿ ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿ ಬರೆದರು. ಒಂದು, ಅನಾಥ ಶಿಶುಗಳ ಆಲಯ. ಅಲ್ಲಿ ಶುಚಿಗೆ, ಆಹಾರಕ್ಕೆ, ಔಷಧಕ್ಕೆ ಕೊರತೆಯಿರಲಿಲ್ಲ. ಆದರೆ ಎಂಟು ಶಿಶುಗಳಿಗೆ ಒಬ್ಬ ದಾದಿ. ಸೋಂಕು ಹರಡದಿರಲೆಂದು ತೊಟ್ಟಿಲುಗಳ ನಡುವೆ ಬಿಳಿ ಬಟ್ಟೆಯ ಮರೆ. ಮತ್ತೊಂದು, ಮಹಿಳಾ ಸೆರೆಮನೆಗೆ ಸೇರಿದ ಶಿಶುವಿಹಾರ, ಅಲ್ಲಿ ಖೈದಿ ತಾಯಂದಿರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅನಾಥಾಲಯದ 91 ಮಕ್ಕಳಲ್ಲಿ 34 ಮಕ್ಕಳು ಎರಡನೆಯ ವರ್ಷ ತುಂಬುವುದರೊಳಗೆ ತೀರಿಕೊಂಡವು. ಸೆರೆಮನೆಯಲ್ಲಿ ಒಂದು ಮಗುವೂ ಸಾಯಲಿಲ್ಲ. ಸ್ಪಿಟ್ಜ್ ಅವರ ವಿಧಾನದಲ್ಲಿ ಹುಳುಕುಗಳಿದ್ದವೆಂದು ನಂತರ ಟೀಕೆ ಬಂತು, ಅದರಲ್ಲಿ ಹುರುಳೂ ಇತ್ತು. ಆದರೆ ಅವರು ಚಿತ್ರೀಕರಿಸಿದ ಆ ಮಕ್ಕಳ ಮುಖಗಳಿಗೆ ಯಾವ ಟೀಕೆಯೂ ಉತ್ತರವಾಗಲಾರದು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯರು ಕಳ್ಳತನಕ್ಕೆ ಸಿಕ್ಕಿಬಿದ್ದ 44 ಮಕ್ಕಳ ಹಿನ್ನೆಲೆ ಕೆದಕುತ್ತಿದ್ದರು. ಯಾರ ಮೇಲೂ ಮಮತೆಯಿಲ್ಲದ, ಏನು ಮಾಡಿದರೂ ನಾಚದ 14 ಮಕ್ಕಳಲ್ಲಿ 12 ಮಂದಿ ಎಳವೆಯಲ್ಲಿ ತಿಂಗಳುಗಟ್ಟಲೆ ತಾಯಿಯಿಂದ ಬೇರಾಗಿದ್ದವರು ಎಂದು 1944ರಲ್ಲಿ ಪ್ರಕಟಿಸಿದರು. ಬೌಲ್ಬಿ 1907ರಲ್ಲಿ ಸಿರಿವಂತ ಶಸ್ತ್ರವೈದ್ಯರ ಮನೆಯಲ್ಲಿ ಹುಟ್ಟಿದವರು. ಆ ವರ್ಗದ ಇಂಗ್ಲಿಷ್ ಮನೆಗಳಲ್ಲಿ ಮಕ್ಕಳು ದಾದಿಯ ಕೈಯಲ್ಲಿ ಬೆಳೆದು ದಿನಕ್ಕೊಮ್ಮೆ ತಾಯಿಯ ಮುಂದೆ ಹಾಜರಾಗುತ್ತಿದ್ದರು. ಅವರನ್ನು ಎತ್ತಾಡಿಸಿದ ದಾದಿ ಅವರಿಗೆ ನಾಲ್ಕು ವರ್ಷವಿರುವಾಗ ಕೆಲಸ ಬಿಟ್ಟು ಹೋದಳು. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ತುಂಬ ನಿರ್ಗತಿಕ ಮಕ್ಕಳು ಉಳಿದಾಗ ವಿಶ್ವ ಆರೋಗ್ಯ ಸಂಸ್ಥೆ ಬೌಲ್ಬಿಯವರಿಂದ ವರದಿ ಕೇಳಿತು. 1951ರಲ್ಲಿ ಬಂದ ಆ ವರದಿ ಹೇಳಿದ್ದು, ಎಳೆಯ ಮಗುವಿಗೆ ತಾಯಿಯೊಡನೆ, ಅಥವಾ ಆ ಸ್ಥಾನದಲ್ಲಿ ಸ್ಥಿರವಾಗಿ ನಿಲ್ಲುವ ಒಬ್ಬರೊಡನೆ, ಬೆಚ್ಚಗಿನ ಮತ್ತು ಕಡಿಯದ ಸಂಬಂಧ ಬೇಕು ಎಂದು. ಈ ‘ಅಥವಾ’ವನ್ನು ಜಗತ್ತು ಓದದೇ ದಾಟಿತು. ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟಿದವು ಎಂದು ನನಗನ್ನಿಸುತ್ತದೆ.

ಆಸ್ಪತ್ರೆಯ ಬಾಗಿಲು ತೆರೆಸಿದ್ದು ಮಾತ್ರ ವರದಿಯಲ್ಲ, ಒಂದು ಸಾಕ್ಷ್ಯಚಿತ್ರ. ಬೌಲ್ಬಿಯವರ ಸಹಾಯಕ ಜೇಮ್ಸ್ ರಾಬರ್ಟ್‌ಸನ್ ಸ್ಕಾಟ್ಲೆಂಡಿನ ಕಾರ್ಮಿಕ ಕುಟುಂಬದವರು. ಯುದ್ಧಕಾಲದಲ್ಲಿ ಅನ್ನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಲೇ ಮಕ್ಕಳನ್ನು ಗಮನಿಸಿ ಟಿಪ್ಪಣಿ ಬರೆಯುವುದನ್ನು ಕಲಿತವರು. ಆಸ್ಪತ್ರೆಯ ಮಕ್ಕಳು ಮೂರು ಹಂತ ದಾಟುವುದನ್ನು ಅವರು ಕಂಡಿದ್ದರು. ಮೊದಲು ರಂಪ, ಆಮೇಲೆ ಹತಾಶೆ, ಕೊನೆಗೆ ಕಳಚಿಕೊಳ್ಳುವಿಕೆ. ದಾದಿಯರು ಹೊಂದಿಕೊಂಡಿತು ಎನ್ನುತ್ತಿದ್ದದ್ದು ಈ ಮೂರನೆಯದನ್ನು. ಹೇಳಿದರೆ ವೈದ್ಯರು ಒಪ್ಪಲಿಲ್ಲ. ರಾಬರ್ಟ್‌ಸನ್ ಒಂದು ಕೈಕ್ಯಾಮೆರಾ ಹಿಡಿದು, ಹೊಕ್ಕುಳ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆ ಸೇರಿದ ಲಾರಾ ಎಂಬ ಎರಡೂವರೆ ವರ್ಷದೊಳಗಿನ ಹುಡುಗಿಯನ್ನು ಚಿತ್ರೀಕರಿಸಿದರು. ಬೇಕಾದ ಕ್ಷಣಗಳನ್ನಷ್ಟೇ ಆರಿಸಿದರು ಎಂಬ ಮಾತು ಬಾರದಿರಲೆಂದು ದಿನವೂ ಗೊತ್ತಾದ ವೇಳೆಗೆ, ಗೋಡೆಯ ಗಡಿಯಾರ ಕಾಣುವಂತೆ ತೆಗೆದರು. ಲಾರಾ ಹೆಚ್ಚು ಅಳುವ ಹುಡುಗಿಯಲ್ಲ. ತುಟಿ ಬಿಗಿಹಿಡಿದು ತಡೆದುಕೊಳ್ಳುತ್ತಾಳೆ, ನಡುನಡುವೆ ಅಮ್ಮ ಎಲ್ಲಿ ಎಂದು ಕೇಳುತ್ತಾಳೆ. ಅಮ್ಮ ಬಂದಾಗ ಮುಖ ತಿರುಗಿಸುತ್ತಾಳೆ. 1952ರಲ್ಲಿ ವೈದ್ಯರ ಸಭೆಯಲ್ಲಿ ಚಿತ್ರ ತೋರಿಸಿದಾಗ ಕೋಪ ಎದ್ದಿತು. ಇಂಥ ಮಗು ನಮ್ಮ ವಾರ್ಡಿನಲ್ಲಿಲ್ಲ ಎಂದವರೇ ಹೆಚ್ಚು. ಆದರೆ ನೋಡಿದ್ದನ್ನು ಮರೆಯುವುದು ಕಷ್ಟವಾಯಿತು. 1959ರಲ್ಲಿ ಬ್ರಿಟಿಷ್ ಸರ್ಕಾರದ ಪ್ಲಾಟ್ ಸಮಿತಿ ಹೆತ್ತವರ ಭೇಟಿಗೆ ಹೊತ್ತಿನ ಕಟ್ಟು ಇರಬಾರದು, ಎಳೆಯ ಮಕ್ಕಳೊಡನೆ ತಾಯಿ ಉಳಿಯಲು ಅವಕಾಶವಿರಬೇಕು ಎಂದು ಶಿಫಾರಸು ಮಾಡಿತು. ಎಲ್ಲ ಆಸ್ಪತ್ರೆಗಳೂ ಪಾಲಿಸಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಅಗಲಿಕೆ ನೋಯಿಸುತ್ತದೆ, ಸರಿ. ಏಕೆ ನೋಯಿಸುತ್ತದೆ? ಬೌಲ್ಬಿಯವರಿಗೆ ಉತ್ತರದ ಎಳೆ ಸಿಕ್ಕಿದ್ದು ಪ್ರಾಣಿಗಳನ್ನು ನೋಡುತ್ತಿದ್ದವರಿಂದ. ಕೊನ್ರಾಡ್ ಲೊರೆಂಟ್ಸ್ 1935ರಲ್ಲೇ ವಿವರಿಸಿದ್ದಂತೆ, ಮೊಟ್ಟೆಯೊಡೆದ ಬಾತಿನ ಮರಿ ಮೊದಲು ಕಂಡ ಚಲಿಸುವ ಜೀವವನ್ನು ಹಿಂಬಾಲಿಸುತ್ತದೆ, ಅದು ತುತ್ತು ಕೊಡದಿದ್ದರೂ. ಹಾಗಿದ್ದರೆ ನಂಟಿಗೆ ಅನ್ನವೇ ಮೂಲವಲ್ಲ. ಅಳು, ನಗು, ಅಂಟಿಕೊಳ್ಳುವುದು, ಹಿಂದೆ ತೆವಳುವುದು, ಇವೆಲ್ಲ ಮರಿಯನ್ನು ಕಾಯುವವರ ಹತ್ತಿರ ಉಳಿಸಲು ವಿಕಾಸ ರೂಪಿಸಿದ ನಡತೆಗಳು ಎಂದು ಬೌಲ್ಬಿ 1958ರಲ್ಲಿ ವಾದಿಸಿದರು. ಕಾಡುಮೃಗಗಳಿದ್ದ ಕಾಲದಲ್ಲಿ ದೂರ ಹೋದ ಮರಿ ಬದುಕುಳಿಯುತ್ತಿರಲಿಲ್ಲ. ಮನೋವಿಶ್ಲೇಷಕ ಬಳಗ ಈ ವಾದವನ್ನು ಬಹಳ ಕಾಲ ಹೊರಗೇ ನಿಲ್ಲಿಸಿತು.

ಅದೇ 1958ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ ತಮ್ಮ ಕೋತಿಮರಿಗಳ ಪ್ರಯೋಗವನ್ನು ಮುಂದಿಟ್ಟರು. ತಾಯಿಯಿಂದ ಬೇರ್ಪಡಿಸಿದ ರೀಸಸ್ ಮರಿಗಳಿಗೆ ಎರಡು ಬೊಂಬೆ ತಾಯಂದಿರು: ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿದೆ. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದರೂ ಮರಿಗಳು ಕುಡಿದ ಕೂಡಲೇ ಬಟ್ಟೆಯ ತಾಯಿಗೆ ಮರಳಿ ದಿನದ ಬಹುಪಾಲು ಅದನ್ನೇ ಅಪ್ಪಿಕೊಂಡಿದ್ದವು. ಹೆದರಿಸಿದಾಗ ಓಡಿದ್ದೂ ಅದರ ಬಳಿಗೇ. ಹಾಲಿನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಆದರೆ ಹಾರ್ಲೊ ಅಲ್ಲಿಗೆ ನಿಲ್ಲಲಿಲ್ಲ. ಮರಿಗಳನ್ನು ತಿಂಗಳುಗಟ್ಟಲೆ ಸಂಪೂರ್ಣ ಒಂಟಿಯಾಗಿಟ್ಟು ಅವು ಮುರಿದುಬೀಳುವುದನ್ನು ದಾಖಲಿಸಿದರು. ಮಮತೆಯ ಬೆಲೆ ತಿಳಿಯಲು ಅಷ್ಟು ಜೀವಗಳನ್ನು ಹಾಗೆ ಹಿಂಸಿಸಬೇಕಿತ್ತೇ ಎಂಬ ಪ್ರಶ್ನೆ ಈ ಕ್ಷೇತ್ರದ ಮೇಲೆ ಇಂದಿಗೂ ಇದೆ, ಇರಬೇಕು ಕೂಡ.

ಇಷ್ಟು ಹೊತ್ತು ಮಾತಾಡಿದ್ದೆಲ್ಲ ನಂಟು ಮುರಿದಾಗಿನ ಕಥೆ. ಮುರಿಯದ ಮನೆಗಳಲ್ಲಿ ಅದು ದಿನದಿನವೂ ಹೇಗೆ ಕೂಡಿಬರುತ್ತದೆ ಎಂದು ನೋಡಿದವರು ಮೇರಿ ಏನ್ಸ್‌ವರ್ತ್. ಕೆನಡಾದಲ್ಲಿ ಬೆಳೆದ ಅವರು 1950ರಲ್ಲಿ ಲಂಡನ್ನಿಗೆ ಬಂದು, ಪತ್ರಿಕೆಯಲ್ಲಿ ಕಂಡ ಜಾಹೀರಾತಿಗೆ ಅರ್ಜಿ ಹಾಕಿ ಬೌಲ್ಬಿಯವರ ತಂಡ ಸೇರಿದರು. 1954ರಲ್ಲಿ ಗಂಡನಿಗೆ ಕಂಪಾಲದಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಹೋದರು. ಹಾಲು ಬಿಡಿಸುವಾಗ ಮಗುವನ್ನು ಅಜ್ಜಿಯ ಮನೆಗೆ ಕಳಿಸುವ ಗಾಂಡಾ ಜನರ ರೂಢಿಯನ್ನು ನೋಡೋಣವೆಂದು ಹೊರಟರೆ ಆ ರೂಢಿ ಆಗಲೇ ಕಡಿಮೆಯಾಗಿತ್ತು. ಬದಲಿಗೆ ಅವರು ಹಳ್ಳಿಗಳ 26 ಕುಟುಂಬಗಳಿಗೆ ದುಭಾಷಿಯೊಡನೆ ಹೋಗಿ ಕುಳಿತು, ಶಿಶುಗಳು ಏನು ಮಾಡುತ್ತವೆ ಎಂಬುದನ್ನಷ್ಟೇ ಬರೆದುಕೊಂಡರು. ಮಗು ಯಾರ ಕೈಯಲ್ಲಿ ಅಳು ನಿಲ್ಲಿಸುತ್ತದೆ, ಯಾರು ಎದ್ದು ಹೋದರೆ ಹಿಂದೆ ತೆವಳುತ್ತದೆ, ಅಮ್ಮನ ಬಳಿಯಿಂದ ದೂರ ಸರಿದು ಆಡಿ ನಡುನಡುವೆ ಬಂದು ಮುಟ್ಟಿ ಹೇಗೆ ಮತ್ತೆ ಹೊರಡುತ್ತದೆ. ತಾಯಿ ಮಗುವಿನ ಪಾಲಿಗೆ ಭದ್ರ ನೆಲೆ ಎಂಬ, ಈ ಕ್ಷೇತ್ರದ ಅತಿ ಮುಖ್ಯ ಕಲ್ಪನೆಗೆ ಜೀವ ಬಂದದ್ದು ಈ ಆಫ್ರಿಕಾದ ಮನೆಗಳಲ್ಲಿ. ಇನ್ನೊಂದನ್ನೂ ಅವರು ಗಮನಿಸಿದರು. ತನ್ನ ಮಗುವಿನ ಬಗ್ಗೆ ಕೇಳಿದಾಗ ಸಣ್ಣಸಣ್ಣ ವಿವರಗಳನ್ನೂ ಬಿಡದೆ ಹೇಳಬಲ್ಲ ತಾಯಂದಿರ ಮಕ್ಕಳೇ ಹೆಚ್ಚು ನೆಮ್ಮದಿಯಿಂದಿದ್ದವು. ಮಗುವನ್ನು ನೋಡುತ್ತಿದ್ದವರಿಗಷ್ಟೇ ಹಾಗೆ ಹೇಳಲು ಸಾಧ್ಯ ತಾನೆ. ಈ ಕ್ಷೇತ್ರದ ಎಲ್ಲ ಬರಹಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಗ್ರಹಿಕೆ ಇದು.

ಅಲ್ಲಿಂದ ಅಮೆರಿಕಕ್ಕೆ ಹೋದ ಏನ್ಸ್‌ವರ್ತ್ ಬಾಲ್ಟಿಮೋರಿನಲ್ಲಿ ಮತ್ತೆ 26 ಕುಟುಂಬಗಳನ್ನು ಆರಿಸಿಕೊಂಡರು. ಹುಟ್ಟಿದಾಗಿನಿಂದ ವರ್ಷ ತುಂಬುವವರೆಗೆ ಮೂರು ವಾರಕ್ಕೊಮ್ಮೆ ನಾಲ್ಕು ತಾಸಿನ ಭೇಟಿ, ಒಂದೊಂದು ಮನೆಯಲ್ಲೂ ಒಟ್ಟು 72 ತಾಸಿನಷ್ಟು ವೀಕ್ಷಣೆ. ಆದರೆ ಇಲ್ಲಿನ ಮಕ್ಕಳು ಅಮ್ಮ ಕೋಣೆಯಿಂದ ಕೋಣೆಗೆ ಓಡಾಡುವುದಕ್ಕೆ ಒಗ್ಗಿಹೋಗಿದ್ದವು. ಗಾಂಡಾ ಶಿಶುಗಳಂತೆ ಬೇಗ ತಳಮಳಿಸುತ್ತಿರಲಿಲ್ಲ. ಅದಕ್ಕಾಗಿ ಅವರು ಪ್ರಯೋಗಾಲಯದಲ್ಲಿ ಇಪ್ಪತ್ತು ನಿಮಿಷದ ಒಂದು ಪ್ರಸಂಗ ಕಟ್ಟಿದರು. ಹೊಸ ಕೋಣೆ, ಆಟಿಕೆಗಳು, ಅಪರಿಚಿತ ಹೆಂಗಸು, ಅಮ್ಮ ಎರಡು ಬಾರಿ ಹೊರಗೆ ಹೋಗಿ ಮರಳುವುದು. ‘ಅಪರಿಚಿತ ಸನ್ನಿವೇಶ’ ಎಂದು ಇದು ಲೋಕಪ್ರಸಿದ್ಧವಾಯಿತು. ಅಮ್ಮ ಹೋದಾಗಿನ ಅಳುವಿಗಿಂತ ಅಮ್ಮ ಬಂದಾಗಿನ ನಡತೆಯಲ್ಲಿ ಹೆಚ್ಚು ಅರ್ಥವಿದೆ ಎಂಬುದು ಅವರ ಕಾಣ್ಕೆ. ಹೆಚ್ಚಿನ ಮಕ್ಕಳು ಓಡಿಬಂದು ತಬ್ಬಿ, ಸಮಾಧಾನಗೊಂಡು, ಮತ್ತೆ ಆಟಕ್ಕೆ ಹೋದವು. ಇದು ಸುರಕ್ಷಿತ ಬಾಂಧವ್ಯ. ಕೆಲವು ತಬ್ಬಿದರೂ ಸಿಟ್ಟಿನಿಂದ ಕೊಸರುತ್ತ ಸಮಾಧಾನವಾಗಲೇ ಇಲ್ಲ. ಇನ್ನು ಕೆಲವು ಅಮ್ಮ ಬಂದದ್ದು ಕಂಡೇ ಇಲ್ಲವೆಂಬಂತೆ ಆಟಿಕೆ ನೋಡುತ್ತ ಕುಳಿತವು. 1978ರ ಗ್ರಂಥದಲ್ಲಿ 106 ಶಿಶುಗಳಲ್ಲಿ ಮೂರನೇ ಎರಡರಷ್ಟು ಮೊದಲ ಗುಂಪಿನವು, ಐದನೇ ಒಂದಕ್ಕಿಂತ ತುಸು ಹೆಚ್ಚು ಮುಖ ತಿರುಗಿಸುವವು. ಆ ಶಾಂತ ಮಕ್ಕಳ ಎದೆಬಡಿತವನ್ನು ಬೇರೆ ಸಂಶೋಧಕರು ಅಳೆದಾಗ ಅದು ಏರಿತ್ತು. ಮೇಲೆ ತಣ್ಣಗೆ ಕಾಣುವ ಮಗುವಿನೊಳಗೆ ಕಳವಳವಿತ್ತು.

ಅತ್ತ ಕೂಡಲೇ ಎತ್ತಿಕೊಂಡರೆ ಮಗು ಕೆಡುತ್ತದೆ ಎಂಬ ಹಳೆಯ ಮಾತಿಗೆ ಬಾಲ್ಟಿಮೋರಿನ ಮಾಹಿತಿ ಎದುರಾಗಿತ್ತು: ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವು. ಈ ಫಲಿತಾಂಶ ಮುಂದಿನ ಅಧ್ಯಯನಗಳಲ್ಲಿ ಅಷ್ಟು ಸ್ಪಷ್ಟವಾಗಿ ಮರುಕಳಿಸಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಓಗೊಡುವುದೆಂದರೆ ಪ್ರತಿ ಕ್ಷಣ ಕಾವಲಿರುವುದೂ ಅಲ್ಲ. ಎಡ್ವರ್ಡ್ ಟ್ರಾನಿಕ್ ಎಪ್ಪತ್ತರ ದಶಕದಲ್ಲಿ, ಮಗುವಿನೊಡನೆ ಆಡುತ್ತಿದ್ದ ತಾಯಿಗೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ತೋರದೆ ಕುಳಿತಿರಲು ಹೇಳಿದರು. ಕೆಲವೇ ತಿಂಗಳ ಕೂಸು ನಕ್ಕು, ಕೈಚಾಚಿ, ಕೂಗಿ, ಸೋತು ಮುಖ ತಿರುಗಿಸಿತು. ಸಹಜ ಆಟದಲ್ಲೂ ತಾಯಿ–ಮಗು ತಾಳ ಕೂಡಿರುವುದು ಸುಮಾರು ಮೂರನೇ ಒಂದು ಭಾಗದ ಹೊತ್ತು ಮಾತ್ರ, ತಪ್ಪಿದ ತಾಳವನ್ನು ಮತ್ತೆ ಹಿಡಿಯುವುದೇ ಮುಖ್ಯ ಎಂದು ಟ್ರಾನಿಕ್ ತೋರಿಸಿದರು. ದಣಿದ ತಾಯಂದಿರಿಗೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಮೂರು ಗುಂಪಿಗೂ ಒಗ್ಗದ ಮಕ್ಕಳಿದ್ದವು. ಅಮ್ಮನತ್ತ ಬರುತ್ತ ನಡುವೆ ಕಲ್ಲಾಗಿ ನಿಲ್ಲುವವು, ಮುಖ ಬೇರೆಡೆ ಇಟ್ಟು ಹಿಮ್ಮುಖವಾಗಿ ಸರಿಯುವವು. ಏನ್ಸ್‌ವರ್ತ್ ಅವರ ಶಿಷ್ಯೆ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ 1986ರಲ್ಲಿ ಇದನ್ನು ಅಸ್ತವ್ಯಸ್ತ ಬಾಂಧವ್ಯವೆಂದು ಗುರುತಿಸಿದರು. ಆಸರೆಯಾಗಬೇಕಾದವರೇ ಭಯದ ಮೂಲವಾದಾಗ ಮಗುವಿಗೆ ಓಡಿಹೋಗಲು ಜಾಗವೇ ಇಲ್ಲ. ಈ ಗುರುತನ್ನು ಕೆಲವು ದೇಶಗಳಲ್ಲಿ ಮಕ್ಕಳನ್ನು ಮನೆಯಿಂದ ತೆಗೆಯುವ ತೀರ್ಮಾನಗಳಿಗೆ ಬಳಸಲಾರಂಭಿಸಿದಾಗ, ಒಂದೊಂದು ಮಗುವಿನ ಮೇಲೆ ಹೀಗೆ ತೀರ್ಪು ಕೊಡಲು ಇದು ಸಾಧನವಲ್ಲ ಎಂದು 2017ರಲ್ಲಿ ಸಂಶೋಧಕರೇ ಒಟ್ಟಾಗಿ ಎಚ್ಚರಿಸಿದರು.

ಬಾಲ್ಟಿಮೋರಿನ ಅಳತೆಗೋಲು ಬೇರೆ ಊರಿಗೆ ಹೋದಾಗ ತೊಡಕು ಶುರುವಾಯಿತು. ಉತ್ತರ ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಗ್ರಾಸ್‌ಮನ್ ದಂಪತಿ ನೋಡಿದ ಶಿಶುಗಳಲ್ಲಿ ಅರ್ಧದಷ್ಟು ಮುಖ ತಿರುಗಿಸುವವು. ಜಪಾನಿನ ಸಪ್ಪೊರೊದಲ್ಲಿ ನೋಡಿದ 60ರಲ್ಲಿ ಅಂಥದ್ದು ಒಂದೂ ಇಲ್ಲ, ಆದರೆ ಸಮಾಧಾನಗೊಳ್ಳದವು ಮೂರನೇ ಒಂದರಷ್ಟು. ಜರ್ಮನ್ ತಾಯಂದಿರು ಮಗು ಬೇಗ ಸ್ವತಂತ್ರವಾಗಲಿ ಎಂದು ಬಯಸುವವರು. ಜಪಾನೀ ಶಿಶುಗಳು ಅಮ್ಮನ ಜೊತೆಗೇ ಮಲಗಿ, ಜೊತೆಗೇ ಸ್ನಾನ ಮಾಡಿ ಬೆಳೆದವು, ಮೂರು ನಿಮಿಷದ ಒಂಟಿತನವೇ ಅವಕ್ಕೆ ವಿಪರೀತ. 1988ರಲ್ಲಿ ವಾನ್ ಐಜೆಂಡೋರ್ನ್ ಮತ್ತು ಕ್ರೂನೆನ್‌ಬರ್ಗ್ 8 ದೇಶಗಳ 32 ಅಧ್ಯಯನಗಳ ಸುಮಾರು 2,000 ಶಿಶುಗಳ ಮಾಹಿತಿ ಒಗ್ಗೂಡಿಸಿ, ದೇಶದೇಶಗಳ ನಡುವಿನದಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಒಂದೂವರೆ ಪಟ್ಟು ಎಂದು ತೋರಿಸಿದರು. ಆ ಎಂಟು ದೇಶಗಳಲ್ಲಿ ಭಾರತವಿರಲಿಲ್ಲ. ಏನ್ಸ್‌ವರ್ತ್ ಕಣ್ಣು ತೆರೆದ ಆಫ್ರಿಕಾ ಖಂಡದ್ದು ಒಂದೂ ಇರಲಿಲ್ಲ.

ಈ ಕೊರತೆ ಸಣ್ಣದಲ್ಲ. ಕಾಂಗೋದ ಇಟುರಿ ಕಾಡಿನ ಎಫೆ ಜನರಲ್ಲಿ ಶಿಶು ಹುಟ್ಟಿದಂದಿನಿಂದ ಹಲವು ಹೆಂಗಸರ ಕೈಯಲ್ಲಿ ಬೆಳೆಯುವುದನ್ನು ಟ್ರಾನಿಕ್ ತಂಡ ದಾಖಲಿಸಿತು. ಭುವನೇಶ್ವರದ ಮನೆಗಳನ್ನು 1965ರಿಂದ ದಶಕಗಳ ಕಾಲ ನೋಡಿದ ಮಾನವಶಾಸ್ತ್ರಜ್ಞೆ ಸೂಸನ್ ಸೇಮೋರ್, ಅಜ್ಜಿ, ಅತ್ತೆ, ದೊಡ್ಡಮ್ಮ, ಅಕ್ಕಂದಿರ ನಡುವೆ ಹಂಚಿಹೋದ ಪಾಲನೆಯನ್ನು ಪಶ್ಚಿಮದ ಸಿದ್ಧಾಂತ ಗಣನೆಗೇ ತಂದಿಲ್ಲವೆಂದು ಬರೆದರು. ಮನುಷ್ಯಕುಲ ಉಳಿದದ್ದೇ ಹೀಗೆ ಕೂಡಿ ಸಾಕಿದ್ದರಿಂದ ಎಂಬುದು ಸಾರಾ ಹರ್ಡಿ 2009ರಲ್ಲಿ ಮಂಡಿಸಿದ ವಾದ. ಬಾಣಂತನಕ್ಕೆ ಮಗಳನ್ನು ತವರಿಗೆ ಕರೆದೊಯ್ಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿಚಿತ್ರವೆಂದರೆ ಇದರ ಪುರಾವೆ ಇಂಗ್ಲೆಂಡಿನ ನೆರೆಯಲ್ಲೇ ಬಹಳ ಮುಂಚೆ ಸಿಕ್ಕಿತ್ತು. ಗ್ಲಾಸ್ಗೋ ನಗರದ 60 ಶಿಶುಗಳನ್ನು ತಿಂಗಳು ತಿಂಗಳೂ ನೋಡಿದ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ 1964ರಲ್ಲಿ ಹೇಳಿದ್ದು ಇಷ್ಟು: ಏಳೆಂಟು ತಿಂಗಳ ಸುಮಾರಿಗೆ ಮಗು ನಿರ್ದಿಷ್ಟ ವ್ಯಕ್ತಿಗೆ ಅಂಟಿಕೊಳ್ಳುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಒಬ್ಬರಿಗೇ ಅಂಟಿಕೊಂಡ ಮಕ್ಕಳು ಶೇ. 13 ಮಾತ್ರ, ಮುಕ್ಕಾಲು ಪಾಲು ಮಕ್ಕಳಿಗೆ ಅಪ್ಪನ ಮೇಲೂ ನಂಟು. ಅಂಟಿಕೊಳ್ಳುವುದು ಹೆಚ್ಚು ಹೊತ್ತು ಜೊತೆಗಿದ್ದವರಿಗೇ ಎಂದಲ್ಲ, ಊಡಿಸಿ ತೊಳೆದವರಿಗೇ ಎಂದಲ್ಲ. ಕರೆದರೆ ಓಗೊಟ್ಟವರಿಗೆ. ಇದನ್ನು ಓದಿದ ಮೇಲೂ ಕೆಲಸಕ್ಕೆ ಹೋಗುವ ತಾಯಂದಿರನ್ನು ದೂರಲು ಬೌಲ್ಬಿಯವರ ಹೆಸರು ಬಳಸಿದ್ದು ಅನ್ಯಾಯ. 1972ರಲ್ಲಿ ಮೈಕೆಲ್ ರಟ್ಟರ್, ತಾಯಿಯ ಅಗಲಿಕೆ ಎಂಬ ಒಂದೇ ಹೆಸರಿನಡಿ ಬಡತನ, ಕಲಹ, ನಂಟೇ ಕೂಡದಿರುವುದು, ಕೂಡಿದ ನಂಟು ಕಡಿಯುವುದು ಎಲ್ಲ ಸೇರಿಹೋಗಿವೆ ಎಂದು ಬಿಡಿಸಿಟ್ಟರು. ತಾಯಿಯ ಸ್ಪಂದನೆಗೂ ಮಗುವಿನ ಸುರಕ್ಷತೆಗೂ ಸಂಬಂಧವಿದೆ, ಆದರೆ ನಿರೀಕ್ಷಿಸಿದ್ದಕ್ಕಿಂತ ಸಾಧಾರಣ ಎಂದು 1997ರ ಒಂದು ದೊಡ್ಡ ಸಮೀಕ್ಷೆಯೂ ತಿಳಿಸಿತು. ಎಲ್ಲ ಮಗುವಿನ ಹುಟ್ಟುಗುಣ ಎಂದವರಿಗೆ ನೆದರ್‌ಲ್ಯಾಂಡಿನಿಂದ ಉತ್ತರ ಬಂತು. ಡಿಮ್ಫ್ನಾ ವಾನ್ ಡೆನ್ ಬೋಮ್ ಬಡ ಮನೆಗಳ 100 ರಚ್ಚೆಯ ಶಿಶುಗಳನ್ನು ಆರಿಸಿ, ಅರ್ಧದಷ್ಟು ತಾಯಂದಿರಿಗೆ ಮಗುವಿನ ಸನ್ನೆ ಗುರುತಿಸಿ ಓಗೊಡುವುದನ್ನು ಮೂರೇ ಭೇಟಿಗಳಲ್ಲಿ ಹೇಳಿಕೊಟ್ಟರು. ವರ್ಷ ತುಂಬಿದಾಗ ಆ ಗುಂಪಿನ ಶೇ. 62 ಮಕ್ಕಳು ಸುರಕ್ಷಿತ ಬಾಂಧವ್ಯ ತೋರಿದರೆ ಉಳಿದ ಗುಂಪಿನಲ್ಲಿ ಶೇ. 22.

ಸ್ಪಿಟ್ಜ್ ಎತ್ತಿದ ಪ್ರಶ್ನೆಗೆ ಬಿಗಿಯಾದ ಪ್ರಯೋಗದಿಂದ ಉತ್ತರ ಬರಲು ಒಂದು ದೇಶ ತನ್ನ ಮಕ್ಕಳನ್ನು ನೋಯಿಸಬೇಕಾಯಿತು. ರುಮೇನಿಯಾದ ಚೌಷೆಸ್ಕು ಸರ್ಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿ ಜನಸಂಖ್ಯೆ ಏರಿಸಲು ಹೊರಟಿತ್ತು. 1989ರಲ್ಲಿ ಅದು ಉರುಳಿದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಆಲಯಗಳಲ್ಲಿದ್ದರು. 2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಬುಖಾರೆಸ್ಟಿನ 136 ಶಿಶುಗಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ, ತಾವೇ ಸಿದ್ಧಪಡಿಸಿದ ಸಾಕುಮನೆಗಳಿಗೆ ಸೇರಿಸಿದರು. ಉಳಿದವರಿಗೆ ಯಾವಾಗ ಮನೆ ಸಿಕ್ಕರೂ ತಡೆಯುವಂತಿರಲಿಲ್ಲ. ಮೂರೂವರೆ ವರ್ಷಕ್ಕೆ ನೋಡಿದಾಗ ಸುರಕ್ಷಿತ ಬಾಂಧವ್ಯ ಸಾಕುಮನೆಯ ಮಕ್ಕಳಲ್ಲಿ ಶೇ. 49, ಆಲಯಕ್ಕೆಂದು ಉಳಿದವರಲ್ಲಿ ಶೇ. 18, ಹೋಲಿಕೆಗೆಂದು ನೋಡಿದ, ಸ್ವಂತ ಮನೆಯಲ್ಲೇ ಬೆಳೆದವರಲ್ಲಿ ಶೇ. 65. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಲಾಭವಾಗಿತ್ತು. ಆ ಸಾಕುತಾಯಂದಿರು ಯಾರೂ ಹೆತ್ತವರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 2004ರ ರುಮೇನಿಯಾ ಕಾನೂನು, ತೀವ್ರ ಅಂಗವೈಕಲ್ಯದ ಸಂದರ್ಭ ಬಿಟ್ಟು, ಎರಡು ವರ್ಷದೊಳಗಿನ ಮಕ್ಕಳನ್ನು ಆಲಯಗಳಿಗೆ ಸೇರಿಸುವುದನ್ನು ನಿಲ್ಲಿಸಿತು.

ಈ ಅಧ್ಯಯನಗಳ ಫಲ ನಮ್ಮಲ್ಲೂ ಒಂದೆರಡು ಕಡೆ ಕಾಣುತ್ತದೆ. ಮಾನಸಿಕ ಕಾಯಿಲೆಗೆ ತುತ್ತಾದ ತಾಯಿಯನ್ನು ಕೂಸಿನೊಡನೆಯೇ ಸೇರಿಸಿಕೊಳ್ಳುವ ಪದ್ಧತಿಯನ್ನು ಟಾಮ್ ಮೇನ್ 1948ರಲ್ಲಿ ಇಂಗ್ಲೆಂಡಿನ ಕಾಸೆಲ್ ಆಸ್ಪತ್ರೆಯಲ್ಲಿ ಆರಂಭಿಸಿದ್ದರು. ಅಂಥ ತಾಯಿ–ಮಗು ಘಟಕ 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶುರುವಾಯಿತು. ತಾಯಿಗೆ ಚಿಕಿತ್ಸೆ ನಡೆಯುವಾಗಲೇ ಮಗುವಿಗೆ ಓಗೊಡುವುದು ಅಲ್ಲಿ ಮತ್ತೆ ಕೂಡಿಬರುತ್ತದೆ.

ಕೂಲಿಗೆ ಹೋಗುವ ಹಳ್ಳಿಯ ಹೆಂಗಸರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಸುಮಾರು 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಅಲ್ಲಿಗೆ ಬರುವ ಅತಿ ಎಳೆಯ ಕೂಸುಗಳದು ಗ್ಲಾಸ್ಗೋ ಅಧ್ಯಯನ ಗುರುತಿಸಿದ, ನಂಟು ಗಟ್ಟಿಗೊಳ್ಳುವ ವಯಸ್ಸೇ. ಯೋಜನೆ ಬಂದಾಗ ನರೇಗಾದಡಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವಿತ್ತು. ಆರೈಕೆ ಮಾಡುವವರ ಕೂಲಿಯನ್ನೂ ಅಂಥದೇ ಲೆಕ್ಕಕ್ಕೆ ಕಟ್ಟಿದರೆ ಕೂಸನ್ನು ಎತ್ತಿಕೊಳ್ಳುವ ಕೈ ವರ್ಷಕ್ಕೆ ಹಲವು ಬಾರಿ ಬದಲಾಗುತ್ತದೆ. ಒಂದು ಕೂಸಿನ ಮನೆಗೆ ಎಷ್ಟು ಆಟಿಕೆ, ಎಷ್ಟು ಚಾಪೆ, ಎಷ್ಟು ಹಾಲು ಎಂದು ಲೆಕ್ಕ ಹಾಕುವಾಗ, ಒಬ್ಬ ಆಯಾಗೆ ಎಷ್ಟು ಕೂಸು, ಅದೇ ಆಯಾ ಎಷ್ಟು ತಿಂಗಳು ಎಂಬ ಎರಡು ಸಾಲುಗಳೂ ಆ ಪಟ್ಟಿಯಲ್ಲಿರಬೇಕು, ಅವಳಿಗೆ ವರ್ಷಪೂರ್ತಿ ಸಂಬಳವೂ ಸಿಗಬೇಕು.